ಮೇಲೆ ನಿಂತು ಹಗ್ಗ ಹಿಡಿ

ನಮ್ಮ ಸೀಮೆಯ ಹುಡುಗ ಹುಡುಗಿಯರೇ,

ಚನ್ನಗಿರಿಯ ಅಡಿಕೆ ತೋಟದಲ್ಲಿ ಬೆಳೆದವರಿಗೂ ಜಗಳೂರಿನ ಒಣಹೊಲದಲ್ಲಿ ಬೆಳೆದವರಿಗೂ, ಹೊನ್ನಾಳಿಯ ಹೊಳೆಸಾಲಿನವರಿಗೂ ನ್ಯಾಮತಿಯ ಗುಡ್ಡದ ಬುಡದವರಿಗೂ ನಾನು ಹೇಳಬೇಕಾದ ಮಾತು ಒಂದೇ. ನಿಮ್ಮ ಜೊತೆಗಾರ ಗುಂಡಿಗೋ ಬಾವಿಗೋ ಹಗೇವಿಗೋ ಗವಿಗೋ ಇಳಿದು, ಅಲ್ಲೇ ಕುಸಿದು ಬಿದ್ದನೆಂದರೆ, ಅವನ ಹಿಂದೆಯೇ ನೀವೂ ಇಳಿಯಬೇಡಿ. ಅವನು ನಿಮ್ಮ ಒಡಹುಟ್ಟಿದವನೇ ಆಗಿರಲಿ, ಪ್ರಾಣಕ್ಕೆ ಪ್ರಾಣ ಕೊಡುವ ಗೆಳೆಯನೇ ಆಗಿರಲಿ, ಇಳಿಯಬೇಡಿ. ಮೇಲೆ ನಿಂತು ಹಗ್ಗ ಹಿಡಿಯಿರಿ.

ಇದು ಹಿರಿಯರಾದವರು ಹೇಳುವ ಮಾತೇ ಎಂದು ನಿಮಗೆ ಅನ್ನಿಸಬಹುದು. ಕಷ್ಟದಲ್ಲಿ ಕೈಬಿಡಬೇಡ ಎಂದು ಕಲಿಸಿದವರೂ ನಾವೇ ಅಲ್ಲವೇ? ಕೈಬಿಡಿ ಎಂದು ಈಗಲೂ ಹೇಳುತ್ತಿಲ್ಲ. ಇಬ್ಬರು ಸಾವಿನ ಬಾಯಿಂದ ಪಾರಾಗಿ ಬರಬೇಕಾದರೆ ಇಬ್ಬರಲ್ಲಿ ಒಬ್ಬ ಹೊರಗೆ ಇರಲೇಬೇಕು. ಇಬ್ಬರೂ ಒಳಗೆ ಸೇರಿದ ಮೇಲೆ ಎಳೆಯುವ ಕೈ ಯಾವುದು, ಕೂಗುವ ದನಿ ಯಾವುದು? ಈ ಮಾತಿಗೆ ಕಾರಣವೇನು, ನಿಧಾನವಾಗಿ ಹೇಳುತ್ತೇನೆ, ಕೇಳಿ.

ನಿಮ್ಮಲ್ಲಿ ಬಹಳ ಜನ ಹಗೇವು ನೋಡಿರಲಿಕ್ಕಿಲ್ಲ. ಗೋದಾಮು, ಪ್ಲಾಸ್ಟಿಕ್ ಚೀಲ ಬರುವ ಮೊದಲು ಬಯಲುಸೀಮೆಯ ಊರುಗಳಲ್ಲಿ ಜೋಳ ಕಾಪಾಡುತ್ತಿದ್ದದ್ದು ನೆಲದೊಳಗಿನ ಈ ಗುಂಡಿಯಲ್ಲಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಬರ ಬಂದ ವರ್ಷ ಮನೆಮಂದಿಯ ಹೊಟ್ಟೆ ಕಾದದ್ದು ಅದೇ.

ಕಾಳು ಯಾಕೆ ಕೆಡುತ್ತಿರಲಿಲ್ಲ ಗೊತ್ತೇ? ಕಾಳಿಗೆ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗೆ ಕಾಳು, ಬೂಷ್ಟು, ಹುಳ ಎಲ್ಲ ಸೇರಿ ಅಲ್ಲಿದ್ದ ಆಮ್ಲಜನಕವನ್ನು ತಿಂದು ಮುಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆ ಗಾಳಿಯಲ್ಲಿ ಹುಳ ಬದುಕಲಾರದು, ಹಾಗಾಗಿ ಕಾಳು ಉಳಿಯುತ್ತದೆ. ಹುಳವನ್ನು ಕೊಂದ ಗಾಳಿ ಮನುಷ್ಯನನ್ನು ಬಿಟ್ಟೀತೇ? ಹಗೇವಿನ ಗುಣ ಯಾವುದೋ ಅದರ ಅಪಾಯವೂ ಅದೇ. ಇಂಗಾಲದ ಡೈಆಕ್ಸೈಡ್ ಮಾಮೂಲಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಚಪ್ಪಡಿ ಸರಿಸಿದ ಕೂಡಲೇ ಅದು ಹಾರಿಹೋಗುವುದಿಲ್ಲ, ತಳದಲ್ಲೇ ಕೂತಿರುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು ಇರುತ್ತದೆ. ಅದು ಶೇ 16ಕ್ಕೆ ಇಳಿಯುವ ಹೊತ್ತಿಗೆ ಬುದ್ಧಿ ಮಂಕಾಗುತ್ತದೆ. ಶೇ 10ರ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಶೇ 6ಕ್ಕಿಂತ ಕಡಿಮೆಯಾದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. 'ಉಸಿರು ಕಟ್ಟಿದರೆ ಮೇಲೆ ಹತ್ತಿ ಬರುತ್ತೇನೆ' ಎಂದು ಇಳಿಯುವವನು ಅಂದುಕೊಂಡಿರುತ್ತಾನೆ. ಆದರೆ ಅಷ್ಟರಲ್ಲಿ ಕೈಕಾಲು ಸೋತಿರುತ್ತವೆ. ಏಣಿ ಕಣ್ಣೆದುರಿಗೇ ಇರುತ್ತದೆ, ಒಂದು ಮೆಟ್ಟಿಲು ಹತ್ತಲು ಆಗುವುದಿಲ್ಲ. ಎಷ್ಟೇ ಗಟ್ಟಿ ಆಳಾದರೂ ಇಷ್ಟೇ. ತೋಳಿನ ಶಕ್ತಿಗೂ ಇದಕ್ಕೂ ಸಂಬಂಧವಿಲ್ಲ.

ಹಳಬರು ಹಗೇವು ತೆಗೆಯುತ್ತಿದ್ದ ರೀತಿ ನೋಡಿ. ಮಣ್ಣು ಕೆರೆದು ಚಪ್ಪಡಿ ಸರಿಸಿದ ಮೇಲೆ ಯಾರೂ ಬಾಯಿಯ ಮೇಲೆ ಬಗ್ಗಿ ನೋಡುತ್ತಿರಲಿಲ್ಲ, ಮಕ್ಕಳನ್ನು ದೂರ ಅಟ್ಟುತ್ತಿದ್ದರು. ಬಿಸಿ ಹಬೆಯ ಜೊತೆ ಮುಗ್ಗಲು ವಾಸನೆ ಮೇಲೇಳುತ್ತಿತ್ತು. ಅದು ಆರುವವರೆಗೆ ಬಾಯಿ ತೆರೆದೇ ಬಿಡುತ್ತಿದ್ದರು. ಎಲೆ ತುಂಬಿದ ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಒಳಗೆ ಬಿಟ್ಟು, ಮೇಲೆ ಕೆಳಗೆ ಆಡಿಸಿ, ಸತ್ತ ಗಾಳಿಯನ್ನು ಕಲಕಿ ಹೊರಗೆ ಹಾಕುತ್ತಿದ್ದರು. ಆಮೇಲೆ ಹೊತ್ತಿಸಿದ ಕಂದೀಲನ್ನು ತಳದವರೆಗೆ ಇಳಿಬಿಡುವುದು. ದೀಪ ಆರಿದರೆ ಆ ಹೊತ್ತು ಕೆಲಸ ಇಲ್ಲ. ದೀಪ ನಿಂತರೆ ಒಬ್ಬನ ಮೈಗೆ ಹಗ್ಗ ಕಟ್ಟಿ ಇಳಿಸುವುದು. ಮೇಲೆ ಹಗ್ಗ ಹಿಡಿದವನು ಸುಮ್ಮನಿರುತ್ತಿರಲಿಲ್ಲ. 'ಏನಪ್ಪಾ, ಹೆಂಗದೆ? ಮಾತಾಡು' ಎಂದು ಕೇಳುತ್ತಲೇ ಇರಬೇಕು, ಕೆಳಗಿನವನು 'ಹೂಂ' ಅನ್ನುತ್ತಲೇ ಇರಬೇಕು. ಒಂದು ಸಲ 'ಹೂಂ' ತಪ್ಪಿದರೆ ಎರಡನೇ ಸಲ ಕೇಳುವುದಿಲ್ಲ, ಎಳೆಯುವುದೇ.

ಈ ಪದ್ಧತಿಯಲ್ಲಿ ನಿಮಗೆ ಬೇಕಾದದ್ದೆಲ್ಲ ಇದೆ. ಪಾರಾಗುವ ದಾರಿ ಇಳಿಯುವ ಮೊದಲೇ ಸಿದ್ಧವಾಗಿತ್ತು. ಮಿದುಳಿಗೆ ಆಮ್ಲಜನಕ ಹೋಗುವುದು ನಿಂತರೆ ನಾಲ್ಕಾರು ನಿಮಿಷಗಳಲ್ಲಿ ಅದು ಸಾಯತೊಡಗುತ್ತದೆ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕದ ವಾಹನ ನಿಮ್ಮ ಹಳ್ಳಿಯ ಹೊಲಕ್ಕೆ ಅಷ್ಟರಲ್ಲಿ ಬರುವುದು ಸಾಧ್ಯವೇ? ಬಿದ್ದ ಮೇಲೆ ಹಗ್ಗ ಹುಡುಕುವವರ ಕೈಯಲ್ಲಿ ಆಗುವುದು ಬಹಳ ಕಡಿಮೆ. ಹಗ್ಗ ಮೈಮೇಲೆ ಇದ್ದವನನ್ನು ಮಾತ್ರ ಆ ನಾಲ್ಕಾರು ನಿಮಿಷದಲ್ಲಿ ಮೇಲಕ್ಕೆ ತರಬಹುದು.

ಕಂದೀಲಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆ ಪರೀಕ್ಷೆ ಕಾಳಿನ ಹಗೇವಿಗೆ ಇದ್ದದ್ದು. ಶೌಚದ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿ, ಚರಂಡಿಯ ಮ್ಯಾನ್‌ಹೋಲ್ ಬಳಿ ಬೆಂಕಿ ಕಡ್ಡಿಯನ್ನೂ ಗೀರಬೇಡಿ. ಅಲ್ಲಿ ಮೀಥೇನ್ ಇರುತ್ತದೆ, ಸಿಡಿಯುತ್ತದೆ. ಅಲ್ಲೇ ಇರುವ ಇನ್ನೊಂದು ಅನಿಲ ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕೊಂದುಬಿಡುತ್ತದೆ. 'ವಾಸನೆ ಹೋಯ್ತು, ಈಗ ಇಳಿಯಬಹುದು' ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಬಾವಿಯೊಳಗೆ ಡೀಸೆಲ್ ಪಂಪ್ ಇಳಿಸಿ ನೀರು ಎತ್ತಿದರೆ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಕೊಲ್ಲುವಷ್ಟು ತುಂಬಿದಾಗಲೂ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬಿದ್ದಿರುತ್ತಾನೆ. ಆದ್ದರಿಂದ ದೀಪ ಆರಿದರೆ ಖಂಡಿತ ಇಳಿಯಬೇಡಿ. ದೀಪ ಉರಿಯಿತು ಎಂಬುದೊಂದೇ ಇಳಿಯಲು ಪರವಾನಗಿ ಅಂತಲೂ ತಿಳಿಯಬೇಡಿ.

ಇನ್ನು ಗೆಳೆತನದ ವಿಚಾರಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಕಾರ್ಮಿಕರ ಸುರಕ್ಷತೆಯನ್ನು ಅಧ್ಯಯನ ಮಾಡುವ ನಿಯೋಶ್ ಎಂಬ ಸರ್ಕಾರಿ ಸಂಸ್ಥೆ 1986ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ಶೇ 60ಕ್ಕಿಂತ ಹೆಚ್ಚು ಮಂದಿ ಕೆಲಸಕ್ಕೆ ಇಳಿದವರಲ್ಲ, ಇಳಿದವರನ್ನು ಉಳಿಸಲು ಹೋದವರು ಎಂದು ಅದು ಹೇಳಿತು. ಈ ಮಾತನ್ನು ಎರಡು ಸಲ ಓದಿ. ಮೊದಲನೆಯವನನ್ನು ಕೊಂದದ್ದು ಕೆಟ್ಟ ಗಾಳಿ. ಎರಡನೆಯವನನ್ನು, ಮೂರನೆಯವನನ್ನು ಅದರ ಬಾಯಿಗೆ ತಂದು ಒಪ್ಪಿಸಿದ್ದು ಅವರ ಒಳ್ಳೆಯತನ. ತಮ್ಮ ಬಿದ್ದ ಎಂದು ಅಣ್ಣ, ಅಣ್ಣ ಬಿದ್ದ ಎಂದು ಪಕ್ಕದ ಮನೆಯವನು, ಹೀಗೆ ಒಂದೇ ಗುಂಡಿಯಿಂದ ಸಾಲಾಗಿ ಹೆಣ ತೆಗೆದ ಸುದ್ದಿಯನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಅವರಲ್ಲಿ ಹೇಡಿ ಒಬ್ಬನೂ ಇರಲಿಲ್ಲ. ಅಂಥ ಮಕ್ಕಳು ಬದುಕಬೇಕು ಎಂಬ ಸಂಕಟದಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀರು ಸೇದುವಾಗ ಕೊಡ ಬಾವಿಗೆ ಬಿದ್ದರೆ ನಮ್ಮ ಹೆಣ್ಣುಮಕ್ಕಳು ಬಾವಿಗೆ ಹಾರುತ್ತಿದ್ದರೇ? ಪಾತಾಳಗರಡಿ ತಂದು ಇಳಿಬಿಟ್ಟು, ಕೊಕ್ಕೆಗೆ ಕೊಡ ಸಿಕ್ಕಿಸಿ ಮೇಲಕ್ಕೆ ಎಳೆಯುತ್ತಿದ್ದರು. ಕೊಡಕ್ಕೆ ತೋರಿಸಿದ ಆ ವಿವೇಕವನ್ನು ಮನುಷ್ಯನ ಜೀವಕ್ಕೂ ತೋರಿಸಿ ಎನ್ನುವುದಷ್ಟೇ ನನ್ನ ಕೋರಿಕೆ.

ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯ ಕಥೆ ನಿಮಗೆ ಗೊತ್ತಿದೆ. 2018ರ ಜೂನ್ 23ರಂದು ಫುಟ್‌ಬಾಲ್ ಆಡುವ 12 ಹುಡುಗರು, ಅವರ ಕೋಚ್ ಗವಿಯೊಳಗೆ ಹೋದರು. ಮಳೆನೀರು ನುಗ್ಗಿ ಹಿಂದಿನ ದಾರಿ ಮುಚ್ಚಿಹೋಯಿತು. ಜುಲೈ 2ರಂದು ಅವರನ್ನು ಕಂಡುಹಿಡಿದವರು ಇಬ್ಬರು ಜೊತೆಗಾರರು, ಬ್ರಿಟನ್ನಿನ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥನ್. ಕೆಸರು ನೀರಿನಲ್ಲಿ, ಕೈಯಳತೆಯ ದೂರವೂ ಕಾಣದ ಕತ್ತಲಲ್ಲಿ ಅವರು ಮುಂದೆ ಸಾಗುತ್ತಿದ್ದದ್ದು ಹಗ್ಗ ಹಾಸಿಕೊಂಡು. ವಾಪಸು ಬರುವ ದಾರಿ ಆ ಹಗ್ಗವೇ. ಬಾಯಿಯಿಂದ ಸುಮಾರು 4 ಕಿಲೋಮೀಟರ್ ಒಳಗೆ, ದಿಬ್ಬದ ಮೇಲೆ ಕೂತಿದ್ದ 13 ಜನರೂ ಜೀವಂತವಾಗಿ ಸಿಕ್ಕರು.

ಸಿಕ್ಕ ಮೇಲೆ ಆ ಇಬ್ಬರು ಏನು ಮಾಡಿದರು? ಮಕ್ಕಳನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಬಂದರು! ಹತ್ತು ದಿನ ಹಸಿದು ಬಳಲಿದ್ದ ಮಕ್ಕಳನ್ನು ಬಿಟ್ಟು ಬರುವುದು ಎಷ್ಟು ಕಷ್ಟ, ಯೋಚಿಸಿ. ಆದರೆ ಒಬ್ಬನನ್ನಾದರೂ ಎಳೆದುಕೊಂಡು ಹೊರಟಿದ್ದರೆ ಆ ಮಗುವೂ ಉಳಿಯುತ್ತಿರಲಿಲ್ಲ, ತಾವೂ ಉಳಿಯುತ್ತಿರಲಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಹೊರಗೆ ಬಂದು ಸುದ್ದಿ ಮುಟ್ಟಿಸಿದರು. ಊಟ ಹೋಯಿತು, ವೈದ್ಯರು ಹೋದರು, ನೀರನ್ನು ಪಂಪುಗಳಿಂದ ಹೊರಹಾಕುವ ಕೆಲಸ ನಡೆಯಿತು. ಜುಲೈ 8ರಿಂದ 10ರವರೆಗೆ ಮೂರು ದಿನಗಳಲ್ಲಿ 13 ಜನರೂ ಹೊರಬಂದರು. ಆಸ್ಟ್ರೇಲಿಯದ ವೈದ್ಯ ರಿಚರ್ಡ್ ಹ್ಯಾರಿಸ್ ಮಕ್ಕಳಿಗೆ ಮತ್ತು ಬರುವ ಔಷಧ ಕೊಟ್ಟು, ನೀರಿನೊಳಗೆ ಗಾಬರಿಯಾಗದಂತೆ ಸಾಗಿಸಲು ಅನುವು ಮಾಡಿಕೊಟ್ಟರು. ಪಳಗಿದವರಿಗೂ ಆ ಗವಿ ಸುಲಭವಾಗಿರಲಿಲ್ಲ. ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಗುನಾನ್ ಒಳಗೆ ಸಿಲಿಂಡರುಗಳನ್ನು ಇರಿಸಿ ಬರುವಾಗ ಜುಲೈ 6ರಂದು ಪ್ರಾಣ ಕಳೆದುಕೊಂಡರು. ಅಂಥವರಿಗೇ ಹಾಗಾದರೆ, ಬರಿಗೈಯಲ್ಲಿ ಹಾರುವ ನಮ್ಮ ನಿಮ್ಮ ಪಾಡೇನು? ಬಿಟ್ಟು ಬಂದು ಜನರನ್ನು ಕೂಡಿಸಿಕೊಂಡು ಹೋಗುವುದಕ್ಕೆ ಹಾರುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ದೂರದ ಮಾತು ಬೇಡವೆಂದರೆ ನಮ್ಮ ನಾಡಿನದ್ದೇ ನೋಡಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ರಕ್ಷಣಾ ಪಡೆಯವರು ಕೊಳವೆಗೆ ಗಾಳಿ ಬಿಟ್ಟರು, ಕ್ಯಾಮೆರಾ ಇಳಿಸಿ ನೋಡಿದರು, ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಅಡ್ಡಲಾಗಿ ಕೊರೆದು ಮಗುವನ್ನು ಮುಟ್ಟಿದರು. ಸುಮಾರು 20 ಗಂಟೆಗಳ ಮೇಲೆ ಮಗು ಜೀವಂತವಾಗಿ ಹೊರಬಂತು. ಅವಸರದ ಕೈಗಳು ಅಲ್ಲಿ ಕೆಲಸ ಮಾಡಿದ್ದರೆ ಮಣ್ಣು ಕುಸಿಯಬಹುದಿತ್ತು. ಆ ಮಗುವನ್ನು ಉಳಿಸಿದ್ದು ತಾಳ್ಮೆ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಜಗಳೂರಿನ ಮಕ್ಕಳೇ, ನಿಮ್ಮ ಕಡೆ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ತೆರೆದ ಬಾವಿಗಳು ಬತ್ತಿ, ಕಸದ ಗುಂಡಿಗಳಾಗಿವೆ. ಕೊಳೆಯುವ ಎಲೆ, ಕಸ, ಸತ್ತ ಪ್ರಾಣಿಗಳಿಂದ ತಳದ ಗಾಳಿ ಹಾಳಾಗುತ್ತದೆ. ಬಿದ್ದ ಮೇಕೆ ಮರಿಯನ್ನೋ ಮೊಬೈಲನ್ನೋ ತೆಗೆಯಲು ಅಂಥ ಬಾವಿಗೆ ಇಳಿಯಬೇಡಿ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಒಣಹೊಲಗಳಲ್ಲಿ ಕೃಷಿ ಹೊಂಡಗಳಾದವು. ಬೆಳೆಗೆ ಅವು ಜೀವದಾನ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಾಗಿದರೆ ಜಾರುತ್ತದೆ. ಕಾಲಿಟ್ಟವನಿಗೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ. ಈಜು ಬಲ್ಲವನೂ ದಡ ಹತ್ತಲಾರ. ಒಬ್ಬ ಜಾರಿದಾಗ ಕೈ ಚಾಚಿದವನೂ ಜಾರುತ್ತಾನೆ. ಹೊಂಡವಿರುವ ಪ್ರತಿ ಹೊಲದಲ್ಲೂ ಸುತ್ತ ಬೇಲಿ ಇರಲಿ. ಗೂಟಕ್ಕೆ ಕಟ್ಟಿದ, ಗಂಟು ಹಾಕಿದ ಒಂದೊಂದು ಹಗ್ಗ ನಾಲ್ಕೂ ಕಡೆ ನೀರಿನವರೆಗೆ ಇಳಿಬಿದ್ದಿರಲಿ. ಹಳೆಯ ಟ್ಯೂಬು ಒಂದು ದಡದಲ್ಲಿರಲಿ. ಹಗ್ಗಕ್ಕೂ ಟ್ಯೂಬಿಗೂ ಆಗುವ ಖರ್ಚು ದೊಡ್ಡದಲ್ಲ.

ಹೊನ್ನಾಳಿಯವರೇ, ತುಂಗಭದ್ರೆ ನಿಮ್ಮ ಮಗ್ಗುಲಲ್ಲೇ ಹರಿಯುತ್ತಾಳೆ. ಮರಳು ತೆಗೆದ ಕಡೆ ಹೊಳೆಯ ತಳದಲ್ಲಿ ಆಳದ ಗುಂಡಿಗಳಾಗಿರುತ್ತವೆ, ಮೇಲಿಂದ ನೋಡಿದರೆ ನೀರು ಮೊಣಕಾಲುದ್ದದಂತೆ ಕಾಣುತ್ತದೆ. ಭದ್ರಾ ನಾಲೆಯ ಸಿಮೆಂಟ್ ಗೋಡೆಯೂ ಹೊಂಡದ ಹಾಳೆಯಷ್ಟೇ ನುಣುಪು. ಮುಳುಗುವವನು ಸಿಕ್ಕಿದ್ದನ್ನು ತಬ್ಬಿ ಹಿಡಿಯುತ್ತಾನೆ, ಅವನಿಗೆ ಆ ಹೊತ್ತಿನಲ್ಲಿ ಗೆಳೆಯ ಯಾರು ಎಂಬ ಅರಿವಿರುವುದಿಲ್ಲ. ಸೀರೆ, ಪಂಚೆ, ಬಿದಿರ ಗಳ, ಖಾಲಿ ಕ್ಯಾನು, ಏನಾದರೂ ಎಸೆಯಿರಿ. ನಿಮ್ಮ ಮೈಯನ್ನು ಎಸೆಯಬೇಡಿ. ಚನ್ನಗಿರಿಯವರಿಗೂ ಇದೇ ಮಾತು. ಸೂಳೆಕೆರೆಯ ನೀರಿಗೂ ಸಂತೇಬೆನ್ನೂರಿನ ಪುಷ್ಕರಣಿಯ ಪಾಚಿಗಟ್ಟಿದ ಮೆಟ್ಟಿಲಿಗೂ ಸೆಲ್ಫಿಯ ಅವಸರ ಒಗ್ಗದು.

ನ್ಯಾಮತಿಯ ಗುಡ್ಡ, ಚನ್ನಗಿರಿಯ ಕೋಟೆ, ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯ ಗವಿ, ಇವೆಲ್ಲ ನೋಡಬೇಕಾದ ಜಾಗಗಳೇ. ಹೋಗಿ ನೋಡಿ, ಬೇಡವೆನ್ನುವುದಿಲ್ಲ. ಚಂದ್ರವಳ್ಳಿಯಂಥ ಕಡೆ ಒಳಗಿನ ಕೋಣೆಗಳ ಸುಳಿವು ಬಲ್ಲ ಮಾರ್ಗದರ್ಶಿಯೊಂದಿಗೇ ಇಳಿಯಿರಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿಹೋಗಿ. ಮೊಬೈಲಿನ ಬೆಳಕನ್ನು ನಂಬಿ ಹೋಗಬೇಡಿ, ಬ್ಯಾಟರಿ ಮುಗಿದರೆ ಬೆಳಕೂ ಇಲ್ಲ ಕರೆಯೂ ಇಲ್ಲ. ಮಳೆಯ ಮೋಡ ಕಂಡರೆ ಗವಿ ಹೊಗಬೇಡಿ. ನಿಧಿ ಇದೆಯೆಂದು ಯಾರಾದರೂ ರಾತ್ರಿ ಕರೆದರೆ ಆ ಕಡೆ ತಲೆ ಹಾಕಿ ಮಲಗಲೂ ಬೇಡಿ. ಅಗೆದ ಸುರಂಗ ಕುಸಿದರೆ ಕೂಗಿ ಜನ ಕರೆಯುವ ಧೈರ್ಯ ಅಂಥವರಿಗೆ ಇರುವುದಿಲ್ಲ, ಪೊಲೀಸರ ಭಯಕ್ಕೆ ಒಳಗಿದ್ದವನನ್ನು ಬಿಟ್ಟು ಓಡುತ್ತಾರೆ.

ಕೆಲಸಕ್ಕೆಂದು ಇಳಿಯುವವರಿಗೆ ಬೇರೆಯಾಗಿಯೇ ಹೇಳುತ್ತೇನೆ. ಶೌಚದ ಗುಂಡಿಗೆ ಇಳಿಯಲು ಕರೆಯುವುದು ಯಾವಾಗಲೂ ಬಡವರ ಮನೆಯ ಹುಡುಗನನ್ನೇ, ಅದರಲ್ಲೂ ಕೆಲವೇ ಜಾತಿಗಳ ಹುಡುಗರನ್ನು. ಐನೂರೋ ಸಾವಿರವೋ ರೂಪಾಯಿ ತೋರಿಸಿ ಕರೆಯುತ್ತಾರೆ. ಚರಂಡಿ, ಶೌಚದ ಗುಂಡಿಗೆ ಸುರಕ್ಷತೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆಯ 7ನೇ ಸೆಕ್ಷನ್ ನಿಷೇಧಿಸಿದೆ. ಇಳಿಸಿದವನಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಣ ಬರಬಹುದು, ಮಗ ಬರುವುದಿಲ್ಲ. 'ನಾನು ಇಳಿಯುವುದಿಲ್ಲ, ಸಕ್ಕಿಂಗ್ ಯಂತ್ರ ತರಿಸಿ' ಎಂದು ಹೇಳಿ. ನಿಮ್ಮ ಮನೆಯ ಗುಂಡಿಗೆ ಇನ್ನೊಬ್ಬರ ಮಗನನ್ನು ಇಳಿಸುವ ಮಾತು ಬಂದರೆ ಅದನ್ನು ತಡೆಯುವವರೂ ನೀವೇ ಆಗಿ.

ಇಷ್ಟಾದರೂ ಒಬ್ಬ ಬಿದ್ದೇಬಿಟ್ಟ ಎನ್ನಿ. ಆಗ ಮೊದಲ ಕೆಲಸ ಕೂಗುವುದು, ಎರಡನೆಯದು 112ಕ್ಕೆ ಕರೆ ಮಾಡುವುದು. ಊರು, ಹೊಲದ ಗುರುತು, ಗುಂಡಿಯೋ ಬಾವಿಯೋ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಉಸಿರಾಟದ ಉಪಕರಣ ತರಬೇಕೆಂದು ತಿಳಿಸಿ. ಹಗ್ಗ ಕಟ್ಟಿದ್ದರೆ ಎಳೆಯಿರಿ. ಪ್ರಜ್ಞೆ ತಪ್ಪಿದ ಮೈ ಬಹಳ ಭಾರ, ಒಬ್ಬನ ಕೈಲಾಗದು. ಅದಕ್ಕೇ ಹಗ್ಗವನ್ನು ಇಳಿಯುವ ಮೊದಲೇ ಎದೆಗೆ, ಕಂಕುಳ ಕೆಳಗೆ ಕಟ್ಟಿರಬೇಕು, ಮೇಲೆ ಮೂರು ಜನ ಇಲ್ಲವೇ ರಾಟೆ ಇರಬೇಕು. ಹಗ್ಗ ಕಟ್ಟಿಲ್ಲದಿದ್ದರೆ ಕೊಕ್ಕೆ ಇಳಿಬಿಟ್ಟು ಬಟ್ಟೆಗೆ, ಬೆಲ್ಟಿಗೆ ಸಿಕ್ಕಿಸಲು ನೋಡಿ. ಬಾವಿ, ಹಗೇವಾದರೆ ಬ್ಲೋವರ್‌ನಿಂದ ಹೊರಗಿನ ಒಳ್ಳೆಯ ಗಾಳಿಯನ್ನು ತಳಕ್ಕೆ ಹಾಯಿಸಿ, ಅದರ ಎಂಜಿನ್ನಿನ ಹೊಗೆ ಒಳಗೆ ಹೋಗದಂತೆ ನೋಡಿಕೊಳ್ಳಿ. ಮೇಲೆ ತಂದ ಕೂಡಲೇ ಸುತ್ತ ಮುತ್ತಿದ ಜನರನ್ನು ಸರಿಸಿ, ಉಸಿರಿಲ್ಲದಿದ್ದರೆ ಎದೆ ಒತ್ತಿ ಉಸಿರು ಕೊಡಿ. ಆ ವಿದ್ಯೆಯನ್ನು ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೇಳಿ ಈಗಲೇ ಕಲಿಯಿರಿ. ಮುಖ್ಯವಾದ ಇನ್ನೊಂದು ಕೆಲಸವಿದೆ. ಸಂಕಟ ತಡೆಯಲಾರದೆ ಹಾರಲು ಹೊರಟವರನ್ನು, ಅದು ಬಿದ್ದವನ ಅಪ್ಪನೇ ಆಗಿರಲಿ, ತೋಳು ಹಿಡಿದು ತಡೆಯಿರಿ. ಅವರು ಬೈದರೆ ಬೈಸಿಕೊಳ್ಳಿ, ಹೊಡೆದರೆ ಹೊಡೆಸಿಕೊಳ್ಳಿ, ಕೈ ಮಾತ್ರ ಬಿಡಬೇಡಿ.

ಒಬ್ಬೊಬ್ಬರೇ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು. ಜೊತೆಗಾರರು ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಬೇಕು. 'ನಾನು ಬಿದ್ದರೆ ನೀನು ಇಳಿಯಕೂಡದು, ನೀನು ಬಿದ್ದರೆ ನಾನು ಇಳಿಯುವುದಿಲ್ಲ' ಎಂದು ಪರಸ್ಪರ ಭಾಷೆ ಕೊಟ್ಟುಕೊಳ್ಳಿ. ಆ ಭಾಷೆ ಇಲ್ಲದಿದ್ದರೆ ಆ ಗಳಿಗೆಯಲ್ಲಿ ಮನಸ್ಸು ಹಾರು ಹಾರು ಎನ್ನುತ್ತದೆ. ಆಮೇಲೆ ನಿಮ್ಮೂರಿನಲ್ಲಿ ಬಾಯಿ ತೆರೆದು ಕೂತ ಪಾಳು ಬಾವಿ, ಕುಸಿಯುವ ಹಗೇವು, ಮುಚ್ಚಳವಿಲ್ಲದ ಕೊಳವೆಬಾವಿ, ಬೇಲಿಯಿಲ್ಲದ ಹೊಂಡ ಎಷ್ಟಿವೆ ಎಂದು ಗೆಳೆಯರೆಲ್ಲ ಸೇರಿ ಪಟ್ಟಿ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಪಂಚಾಯಿತಿಯವರ ಕೈಗೆ ಕೊಟ್ಟು, ಯಾವುದನ್ನು ಯಾವಾಗ ಮುಚ್ಚಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಮುಚ್ಚುವವರೆಗೂ ಕೇಳುತ್ತಲೇ ಇರಿ.